ಸದ್ದು ಬಂತು, ಅಕ್ಷರ ಬರಲಿಲ್ಲ

ಕಬ್ಬಿಣದ ಎರಕ ಹೊಯ್ಯುವ ಪಕ್ಕದ ಫೌಂಡ್ರಿಯ ಮೋಲ್ಡರ್ ಒಬ್ಬರು, ಬಳಸಿ ನೋಡಲು ನಾವು ಕೊಟ್ಟಿದ್ದ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟಾಗ ಅದು ಹೊಸದರ ಹಾಗೆ ಹೊಳೆಯುತ್ತಿತ್ತು. ಎರಡು ತಿಂಗಳು ಫೌಂಡ್ರಿಯಲ್ಲಿ ಓಡಾಡಿದ ಫೋನು ಹಾಗಿರುವುದಿಲ್ಲ. ಅಂಚುಗಳಲ್ಲಿ ಕಪ್ಪು ಮರಳು ಕೂತಿರುತ್ತದೆ, ಕೀಗಳ ಮೇಲೆ ಬೆರಳಿನ ಮಸಿ ಹತ್ತಿರುತ್ತದೆ. ಇವರು ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗೊಂದಿಯನ್ನೆಲ್ಲ ತಿಕ್ಕಿ, ಒಗೆದ ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು.

“ಇದು ನಂಗೆ ಆಗಲ್ಲ ಮೇಡಂ. ಅಕ್ಷರ ಚೆನ್ನಾಗಿ ಬರೋರಿಗೆ ಯಾರಿಗಾದ್ರೂ ಕೊಡಿ,” ಅಂದರು.

“ಯಾಕಣ್ಣಾ, ಏನಾಯ್ತು?”

“ಏನಿಲ್ಲ. ತಪ್ಪು ಬರ್ದೆ. ಏನೋ ಬರೆಯಕ್ಕೆ ಹೋಗಿ ಏನೋ ಆಯ್ತು.”

ನಾನು ಅವರಿಗೆ ಬುದ್ಧಿ ಹೇಳಿದೆ. ಕಳಿಸುವ ಮುಂಚೆ ಒಂದು ಸಲ ಓದಿ ನೋಡಬೇಕು, ಅವಸರ ಮಾಡಬಾರದು, ನಾವೂ ಹಾಗೇ ಮಾಡುವುದು ಎಂದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿದರು. ಅಷ್ಟರಲ್ಲಿ ಫೌಂಡ್ರಿಯ ಸೈರನ್ ಆಯಿತು, ಒಳಗೆ ಹೋದರು. ನನ್ನ ಆ ದನಿ ನೆನಪಾದಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯಲ್ಲಿರುವ ನಮ್ಮ ಘಟಕ ಚಿಕ್ಕದು. ತೂಕದ ಯಂತ್ರ, ಪಂಪ್‌ಸೆಟ್ಟಿನ ಪೆಟ್ಟಿಗೆ, ಆಸ್ಪತ್ರೆಯ ಮಂಚ ಏರಿಳಿಸುವ ರಿಮೋಟು, ಇಂಥವಕ್ಕೆ ಬಟನ್ನುಗಳ ಫಲಕ ಮಾಡಿಕೊಡುವುದು ನಮ್ಮ ಕಸುಬು. ಬಟನ್ನಿನ ಕೆಳಗಿನ ಸರ್ಕ್ಯೂಟು ಮತ್ತು ಅದನ್ನು ನಡೆಸುವ ಪ್ರೋಗ್ರಾಂ ನನ್ನ ಜವಾಬ್ದಾರಿ. ಫೋನು ತಯಾರಿಸುವ ಯೋಚನೆ ಬಂದದ್ದು ನಮ್ಮ ಮಾಲೀಕರಿಗೆ. ಪಕ್ಕದ ಫೌಂಡ್ರಿಯ ಗೇಟಿನೆದುರು ಒಂದು ಟೀ ಅಂಗಡಿಯಿದೆ. ಅಲ್ಲಿಗೆ ಬರುವ ಕೆಲಸಗಾರರು ತಮ್ಮ ಫೋನನ್ನು ಅಂಗಡಿಯವನ ಕೈಗೆ ಕೊಟ್ಟು ನಂಬರ್ ಒತ್ತಿಸಿಕೊಳ್ಳುವುದನ್ನು ಅವರು ನೋಡಿದ್ದರು. ಮೊದಲು ಓದು ಬರದವರಿರಬೇಕು ಅಂದುಕೊಂಡರಂತೆ. ಆಮೇಲೆ ಗೊತ್ತಾಯಿತು: ವರ್ಷಗಟ್ಟಲೆ ಮರಳು ಕಲಸಿ, ಕಾದ ಕಬ್ಬಿಣದ ಪಕ್ಕ ನಿಂತು ಅವರ ಬೆರಳತುದಿಯ ಚರ್ಮ ಒಣಗಿ ದಪ್ಪಗಾಗಿದೆ. ಮುಟ್ಟಿದರೆ ಟಚ್ ಸ್ಕ್ರೀನಿಗೆ ಗೊತ್ತೇ ಆಗುವುದಿಲ್ಲ.

“ಆ ಗಾಜಿಗೆ ಅವರ ಬೆರಳು ಬೆರಳೇ ಅಲ್ಲ ಮಾರಾಯ್ತಿ,” ಎಂದು ಮಾಲೀಕರು ನನಗೆ ಹೇಳಿದರು. “ನಾವು ಬಟನ್ ಮಾಡೋರು. ಒಂದು ಕೈ ನೋಡಣ.”

ಫೋನಿನ ಮೆದುಳು ಎನ್ನಬಹುದಾದ ಮುಖ್ಯ ಬೋರ್ಡನ್ನು ನಾವು ಮಾಡಲಿಲ್ಲ, ಮಾಡುವ ಶಕ್ತಿಯೂ ಇಲ್ಲ. ಬೆಲೆ ಕೈಗೆಟುಕುವಂತೆ ಇರಬೇಕಿದ್ದರಿಂದ ಹೊರಗಿನಿಂದ ಸಿದ್ಧ ಬೋರ್ಡು ತರಿಸಿದೆವು, ಇದ್ದುದರಲ್ಲಿ ಅಗ್ಗದ್ದು. ಅರ್ಧ ಮುಖಕ್ಕೆ ಪರದೆ, ಕೆಳಗಿನ ಅರ್ಧಕ್ಕೆ ನಮ್ಮ ಕೀಬೋರ್ಡು. ಕನ್ನಡದ ಅಕ್ಷರಗಳನ್ನು ವರ್ಗ ವರ್ಗವಾಗಿ ಜೋಡಿಸಿದೆ, ಶಾಲೆಯಲ್ಲಿ ಬಾಯಿಪಾಠ ಮಾಡಿದ ಕ್ರಮದಲ್ಲೇ. ಒತ್ತಕ್ಷರಕ್ಕೆ ಒಂದು ಬೇರೆ ಕೀ ಇಟ್ಟು ಅದಕ್ಕೆ ಹಸಿರು ಬಣ್ಣ ಕೊಟ್ಟೆ. ದಪ್ಪ ಬೆರಳಿಗೆ ಎರಡು ಕೀ ಒಟ್ಟಿಗೆ ಸಿಗಬಾರದೆಂದು ಪ್ರತಿ ಕೀಯ ನಡುವನ್ನು ಸ್ವಲ್ಪ ಉಬ್ಬಿಸಿದೆವು. ಮರಳು ಒಳಗೆ ಹೋಗದಂತೆ ಇಡೀ ಫಲಕದ ಕೆಳಗೆ ಒಂದೇ ರಬ್ಬರಿನ ಹಾಳೆ ಹಾಸಿದೆವು. ಅಚ್ಚು ಎರಡು ಸಲ ಕೆಟ್ಟಿತು. ಮೂರನೆಯದು ಕೂತಾಗ ಕೀ ಒತ್ತಿದರೆ ಬೆರಳಿಗೆ ಹಿತವಾಗುತ್ತಿತ್ತು.

ತೊಂದರೆ ಇದ್ದದ್ದು ಬೋರ್ಡಿನಲ್ಲಿ. ಅದು ನಿಧಾನ. ಕೀ ಒತ್ತಿದ ಮೇಲೆ ಅಕ್ಷರ ಪರದೆಗೆ ಬರಲು ಕಣ್ಣಿಗೆ ಕಾಣುವಷ್ಟು ಹೊತ್ತು ಹಿಡಿಯುತ್ತಿತ್ತು. ಮೊದಲ ಮಾದರಿಯನ್ನು ಫೌಂಡ್ರಿಯವರ ಕೈಗೆ ಕೊಟ್ಟಾಗ ಅವರು ಒತ್ತಿದ್ದನ್ನೇ ಮತ್ತೆ ಒತ್ತಿದರು, ಬರಲಿಲ್ಲವೆಂದುಕೊಂಡು. ಆಮೇಲೆ ಎರಡೂ ಬಂದವು. ಒಬ್ಬರ ಹೆಸರಿನಲ್ಲಿ ಮೂರು ‘ರ’ ಕೂತವು. ಎಲ್ಲರೂ ನಕ್ಕರು, ಆದರೆ ಫೋನನ್ನು ಪಕ್ಕಕ್ಕಿಟ್ಟರು.

ಆಗ ನಾನೊಂದು ಉಪಾಯ ಮಾಡಿದೆ. ಕೀಗಳನ್ನು ಗಮನಿಸಲು ನಮ್ಮ ಫಲಕದಲ್ಲೇ ಒಂದು ಪುಟ್ಟ ಚಿಪ್ ಇದೆ. ಒತ್ತಿದ್ದನ್ನು ಅದು ಮೊದಲು ತಿಳಿದು, ಆಮೇಲೆ ಮುಖ್ಯ ಬೋರ್ಡಿಗೆ ತಿಳಿಸುತ್ತದೆ. ಆ ಚಿಪ್ಪಿಗೇ ನೇರವಾಗಿ ಒಂದು ಸಣ್ಣ ಬಜರ್ ಕಟ್ಟಿದೆ. ಬೋರ್ಡು ಏನು ಮಾಡುತ್ತಿದೆ ಎಂದು ಕಾಯದೆ, ಬೆರಳು ಒತ್ತಿದ ಕೂಡಲೇ ‘ಟಿಕ್’ ಎನ್ನುವ ಹಾಗೆ. ಅಕ್ಷರ ಬರುವುದು ಅಷ್ಟೇ ತಡವಾಗಿ. ಆದರೆ ಸದ್ದು ತಕ್ಷಣ.

ಅದೊಂದರಿಂದ ಫೋನೇ ಬೇರೆಯಾಯಿತು. ಯಾರೂ ಎರಡು ಸಲ ಒತ್ತಲಿಲ್ಲ. “ಈಗ ಸ್ಪೀಡಾಗಿದೆ ಮೇಡಂ,” ಅಂದರು. ಬೋರ್ಡು ಬದಲಾಗಿರಲಿಲ್ಲ, ಒಂದು ಸಾಲು ಪ್ರೋಗ್ರಾಂ ಕೂಡ ವೇಗವಾಗಿರಲಿಲ್ಲ. ನಾನು ಅದನ್ನು ಅವರಿಗೆ ಹೇಳಲಿಲ್ಲ, ಹೇಳಬೇಕು ಅಂತಲೂ ಅನಿಸಲಿಲ್ಲ. ಮಾಲೀಕರು ಬಂದವರಿಗೆಲ್ಲ ಫೋನನ್ನು ಕಿವಿಯ ಹತ್ತಿರ ಹಿಡಿದು ಒತ್ತಿ ತೋರಿಸುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಆಲ್ಕೊಳದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನಿಗೂ ತೋರಿಸಿದ್ದೆ.

ಪ್ರಯೋಗಕ್ಕೆಂದು ಫೌಂಡ್ರಿಯ ಹಲವರಿಗೆ ಫೋನು ಕೊಟ್ಟೆವು. ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಳಸಿದವರು ಆ ಮೋಲ್ಡರ್. ಭದ್ರಾವತಿಯಿಂದ ಬರುತ್ತಿದ್ದರು, ಐವತ್ತು ದಾಟಿದವರು, ಮರಳಿನಲ್ಲಿ ಅಚ್ಚು ಕೂರಿಸುವುದು ಅವರ ಕೆಲಸ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರು. ಬಸ್ಸಿನ ಬೋರ್ಡು ಓದುವಷ್ಟು ಬಿಟ್ಟರೆ ಅಕ್ಷರ ಮರೆತೇಹೋಗಿತ್ತು. ಕೀಗಳ ಮೇಲೆ ಅಕ್ಷರಗಳು ಕ್ರಮವಾಗಿ ಕೂತಿದ್ದನ್ನು ನೋಡಿ, ಕ ಖ ಗ ಘ ಎಂದು ಬೆರಳು ಸರಿಸುತ್ತಾ ಮತ್ತೆ ಕಲಿತರು. ವಾರಕ್ಕೊಮ್ಮೆ ನಾನು ಹೋದಾಗ ಆ ವಾರ ಬರೆದದ್ದನ್ನು ತೋರಿಸುತ್ತಿದ್ದರು. ‘ಊಟ ಆಯ್ತು’, ‘ಓವರ್‌ಟೈಮ್ ಇದೆ’, ‘ಹಾಲು ತಗೊ’. ಹೆಚ್ಚಿನವು ಹೆಂಡತಿಗೆ. “ಅವಳು ಉತ್ತರ ಬರೆಯಲ್ಲ, ಆದ್ರೆ ಓದ್ತಾಳೆ,” ಎಂದು ನಾಚಿಕೆಯಿಂದ ನಗುತ್ತಿದ್ದರು.

ಅಂಥವರು ಫೋನು ವಾಪಸ್ ಕೊಟ್ಟದ್ದರಿಂದ ನನಗೆ ಕಸಿವಿಸಿಯಾಯಿತು. ಚಾರ್ಜರ್ ಅವರ ಮನೆಯಲ್ಲೇ ಉಳಿದಿತ್ತು. ಅದೇ ನೆಪ ಮಾಡಿಕೊಂಡು, ಮತ್ತೆ ಫೋನು ತಗೊಳ್ಳಿ ಎಂದು ಒಪ್ಪಿಸುವ ಯೋಚನೆಯಲ್ಲಿ ಭದ್ರಾವತಿಗೆ ಹೋದೆ.

ಮೋಲ್ಡರ್ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಮುದುಕಿಯೊಬ್ಬರು ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದರು, ಅವರ ತಾಯಿ. ಹೆಂಡತಿ ಚಾರ್ಜರ್ ತಂದುಕೊಟ್ಟು, ಕೂತ್ಕೊಳ್ಳಿ ಅಂತಲೂ ಅನ್ನದೆ ನಿಂತರು. ಫೋನಿನ ಮಾತೆತ್ತಿದ್ದೇ ತಡ, ತಡೆದುಕೊಂಡಿದ್ದನ್ನೆಲ್ಲ ಹೇಳಿದರು.

ಮೋಲ್ಡರಿಗೆ ಒಬ್ಬ ಅಣ್ಣ ಇದ್ದಾರೆ. ಶಿವಮೊಗ್ಗದ ರಾಗಿಗುಡ್ಡದಲ್ಲಿ ಮನೆ, ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್. ತಾಯಿ ಯಾರ ಮನೆಯಲ್ಲಿರಬೇಕೆಂಬ ವಿಷಯಕ್ಕೆ ಅಣ್ಣ ತಮ್ಮಂದಿರಿಗೆ ಜಗಳವಾಗಿತ್ತು. ಇಬ್ಬರೂ ನಮ್ಮಲ್ಲೇ ಇರಲಿ ಅನ್ನುವವರು. ತಾಯಿ ಚಿಕ್ಕಮಗನನ್ನು ಆರಿಸಿಕೊಂಡದ್ದು ಅಣ್ಣನಿಗೆ ಅವಮಾನವಾಗಿತ್ತು. ‘ಇನ್ನು ನಿನ್ನ ಹೊಸ್ತಿಲು ತುಳಿಯೋದು ಅಮ್ಮ ಹೋದಾಗಲೇ’ ಎಂದು ಹೇಳಿ ಹೋದವರು ಮತ್ತೆ ಬಂದಿರಲಿಲ್ಲ, ತಮ್ಮನ ಫೋನೂ ಎತ್ತುತ್ತಿರಲಿಲ್ಲ. ಹೀಗಿರುವಾಗ ತಾಯಿ ತರೀಕೆರೆ ಕಡೆಯ ತವರೂರಿಗೆ ತಂಗಿಯನ್ನು ನೋಡಲು ಹೊರಟರು. ‘ದೊಡ್ಡೋನಿಗೂ ಒಂದು ಮಾತು ತಿಳಿಸು’ ಅಂದರು. ಮಾತಾಡದವರಿಗೆ ತಿಳಿಸಲು ಮೆಸೇಜಿಗಿಂತ ಒಳ್ಳೆಯದು ಯಾವುದಿದೆ? ಮೋಲ್ಡರ್ ತಾಯಿಯನ್ನು ಬಸ್ಸಿಗೆ ಹತ್ತಿಸಿ, ಫೌಂಡ್ರಿಯ ಗೇಟಿನಲ್ಲಿ ನಿಂತು, ‘ಅಮ್ಮ ಊರಿಗೆ ಹೋದರು’ ಎಂದು ಒತ್ತಿ ಕಳಿಸಿದರು. ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋದರು.

ಅಣ್ಣನಿಗೆ ತಲುಪಿದ್ದು ‘ಅಮ್ಮ ಹೋದರು’.

ಅವರು ವಾಪಸ್ ಫೋನು ಮಾಡಿದರು, ಲಾಕರಿನಲ್ಲಿದ್ದ ಫೋನನ್ನು ಎತ್ತುವವರಿರಲಿಲ್ಲ. ಬಾಡಿಗೆಗೆ ವ್ಯಾನ್ ಹಿಡಿದು, ಹೆಂಡತಿ, ಷಡ್ಡಕ, ಬಸ್ ಸ್ಟ್ಯಾಂಡಿನ ನಾಲ್ಕಾರು ಗೆಳೆಯರನ್ನು ಹತ್ತಿಸಿಕೊಂಡು, ದಾರಿಯಲ್ಲಿ ಹಾರ ಕೊಂಡು ಭದ್ರಾವತಿಗೆ ಬಂದರು. ಬೀದಿಯ ತುದಿಯಲ್ಲೇ ಅಳು ಶುರುವಾಗಿತ್ತು. ಮನೆಗೆ ಬೀಗ, ತಮ್ಮನ ಹೆಂಡತಿಯೂ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯವರು ಹೊರಬಂದು, ‘ಅಜ್ಜಿ ಬೆಳಿಗ್ಗೆ ಬ್ಯಾಗ್ ಹಿಡ್ಕೊಂಡು ಬಸ್ಸಿಗೆ ಹೋದ್ರಲ್ಲ’ ಅಂದರು. ಯಾರೋ ನಕ್ಕರು. ಅಣ್ಣ ಆ ಹಾರವನ್ನು ತಮ್ಮನ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೊರಟುಹೋದರು.

“ಇವರು ಶಿಫ್ಟ್ ಮುಗಿಸಿ ಬಂದು ನೋಡಿದ್ದು ಅದನ್ನೇ,” ಅಂದರು ಹೆಂಡತಿ. “ಬೇಕಂತಲೇ ಹಂಗೆ ಬರ್ದ, ನನ್ನ ಕರೆಸಿ ಬೀದೀಲಿ ನಗೆಪಾಟಲು ಮಾಡಕ್ಕೆ, ಅಂತ ಭಾವ ಊರಿಗೆಲ್ಲ ಹೇಳ್ತಿದ್ದಾರೆ. ಫೌಂಡ್ರೀಲಿ ಬೇರೆ ಆಡ್ಕೋತಾರಂತೆ. ಇವ್ರು ನೋಡಿದ್ರೆ, ನಂಗೆ ಅಕ್ಷರ ನೆಟ್ಟಗೆ ಬರಲ್ಲ, ನಂದೇ ತಪ್ಪು ಅಂತಾರೆ. ಈಗ ಅಂಗಡಿ ಚೀಟೀನೂ ನನ್ನ ಕೈಲೇ ಬರೆಸ್ತಾರೆ.”

ಮುದುಕಿ ಅಲ್ಲಿಂದಲೇ ಅಂದರು: “ಇಬ್ರೂ ನನ್ನನ್ನ ಒಂದು ಮಾತು ಕೇಳಿಲ್ಲ ನೋಡಮ್ಮ. ನಿಜವಾಗ್ಲೂ ಹೋಗೇಬಿಟ್ಟಿದೀನಿ ಅಂದ್ಕೊಂಡಿದಾರೋ ಏನೋ.”

ನನಗೆ ನಗಲಾಗಲಿಲ್ಲ. ಓದಿ ನೋಡಿ ಕಳಿಸಬೇಕು ಎಂದು ನಾನು ಪಾಠ ಹೇಳುವಾಗ ಆ ಮನುಷ್ಯ ಇಷ್ಟನ್ನೂ ಒಳಗಿಟ್ಟುಕೊಂಡು ತಲೆಯಾಡಿಸಿದ್ದರು. ಆದರೂ, ನಿಜ ಹೇಳಬೇಕೆಂದರೆ, ಆ ಹೊತ್ತಿಗೂ ನನಗೆ ಫೋನಿನ ಮೇಲೆ ಅನುಮಾನ ಬಂದಿರಲಿಲ್ಲ. ಪಾಪ, ಒಂದು ಪದ ಬಿಟ್ಟುಬಿಟ್ಟಿದ್ದಾರೆ ಎಂದೇ ಅಂದುಕೊಂಡು ಬಂದೆ.

ಮರುದಿನ ಕೆಲಸದ ಮೇಜಿನ ಮೇಲೆ ಅವರ ಫೋನಿಟ್ಟುಕೊಂಡು, ನನ್ನ ಸಿಮ್ ಹಾಕಿ, ಅದೇ ವಾಕ್ಯ ಒತ್ತಿದೆ. ಸರಿಯಾಗಿ ಬಂತು. ಮತ್ತೆ ಒತ್ತಿದೆ, ಬೇಗ ಬೇಗ ಒತ್ತಿದೆ, ಅವರ ಹಾಗೆ ಒಂದೇ ಬೆರಳಿನಲ್ಲಿ ಒತ್ತಿದೆ. ಸರಿಯಾಗಿಯೇ ಬಂತು. ನನಗೆ ಸಮಾಧಾನವಾಯಿತು. ಆ ಸಮಾಧಾನವೂ ಈಗ ನೆನಪಿಸಿಕೊಳ್ಳಲು ಚೆಂದದ್ದಲ್ಲ.

ಫೋನನ್ನು ಎತ್ತಿಡುವ ಮುಂಚೆ ಅವರು ನಿಜವಾಗಿ ಬಳಸುತ್ತಿದ್ದ ಬಗೆಯನ್ನು ನೆನಪಿಸಿಕೊಂಡೆ. ಬ್ಯಾಟರಿ ಉಳಿಸಲು ಅವರು ಮನೆಯಿಂದ ಹೊರಡುವಾಗ ಫೋನ್ ಆಫ್ ಮಾಡಿ, ಗೇಟಿಗೆ ಬಂದ ಮೇಲೆ ಆನ್ ಮಾಡುತ್ತಿದ್ದರು. ನಾನೂ ಆಫ್ ಮಾಡಿ ಆನ್ ಮಾಡಿದೆ. ಪರದೆ ಬಂದ ಕೂಡಲೇ ಬಾಕಿ ಇದ್ದ ಮೆಸೇಜುಗಳು, ಯಾವುದೋ ಗುಂಪಿನ ಫೋಟೋ, ವಿಡಿಯೋಗಳೆಲ್ಲ ಒಂದರ ಮೇಲೊಂದು ಇಳಿಯತೊಡಗಿದವು. ಆ ಗದ್ದಲದ ನಡುವೆಯೇ ಕೀಗಳನ್ನಷ್ಟೇ ನೋಡುತ್ತಾ ವಾಕ್ಯವನ್ನು ಒತ್ತಿದೆ. ಟಿಕ್, ಟಿಕ್, ಟಿಕ್. ಒಂದು ಸದ್ದೂ ತಪ್ಪಲಿಲ್ಲ. ತಲೆಯೆತ್ತಿ ನೋಡಿದೆ. ‘ಅಮ್ಮ’ ಇತ್ತು. ಆಮೇಲೆ ಪರದೆ ಕ್ಷಣಕಾಲ ತಡವರಿಸಿ ‘ಹೋದರು’ ಬಂತು. ನಡುವಿನ ಪದ ಎಲ್ಲೂ ಇರಲಿಲ್ಲ.

ಆದದ್ದು ಇಷ್ಟು. ಬೋರ್ಡಿಗೆ ಮೆಮೊರಿ ಸಾಲದಾದಾಗ ಅದು ಯಾವುದಾದರೂ ಪ್ರೋಗ್ರಾಮನ್ನು ಹೊರಗೆ ತಳ್ಳುತ್ತದೆ. ಕೆಲವು ಸಲ ಹಾಗೆ ತಳ್ಳಿದ್ದು ಕೀಬೋರ್ಡಿನ ಪ್ರೋಗ್ರಾಮನ್ನೇ. ಅದು ಮತ್ತೆ ಎದ್ದು ಕೂರುವವರೆಗೆ ಒತ್ತಿದ ಅಕ್ಷರಗಳನ್ನು ತೆಗೆದುಕೊಳ್ಳುವವರೇ ಇಲ್ಲ. ಒಂದು ಪದ ಒತ್ತುವಷ್ಟು ಹೊತ್ತು. ಬರೀ ಬೋರ್ಡಿನ ದೋಷವಾಗಿದ್ದರೆ ಮೋಲ್ಡರಿಗೆ ಗೊತ್ತಾಗುತ್ತಿತ್ತು. ಕೀ ಸುಮ್ಮನಿದ್ದರೆ ಅವರು ತಲೆಯೆತ್ತಿ ನೋಡುತ್ತಿದ್ದರು. ನನ್ನ ಬಜರ್ ಅವರಿಗೆ ಅಕ್ಷರ ಅಕ್ಷರಕ್ಕೂ ‘ಬಂತು, ಬಂತು’ ಎಂದು ಹೇಳಿತ್ತು. ಅವರು ನಂಬಿದರು. ನಂಬಲಿ ಅಂತಲೇ ನಾನು ಅದನ್ನು ಕಟ್ಟಿದ್ದೆ.

ಮಾಲೀಕರ ಕೋಣೆಗೆ ಹೋಗಿ ಮಾಡಿ ತೋರಿಸಿದೆ. ಅವರು ತಾವೂ ಒಂದು ಸಲ ಒತ್ತಿ ನೋಡಿದರು. ಕೆಟ್ಟ ಮನುಷ್ಯರಲ್ಲ, ಮೋಲ್ಡರಿನ ಕಥೆ ಕೇಳಿ ಅವರ ಮುಖವೂ ಇಳಿಯಿತು. ಆದರೆ ದಾವಣಗೆರೆಯಿಂದ ಒಬ್ಬ ದೊಡ್ಡ ವ್ಯಾಪಾರಿ ಫೋನು ನೋಡಲು ಬರುವವರಿದ್ದರು.

“ಸರಿ ಮಾಡು,” ಅಂದರು. “ಎಲ್ಲರ ಫೋನು ತರಿಸಿ ಹೊಸ ಸಾಫ್ಟ್‌ವೇರ್ ಹಾಕಿಬಿಡು. ಯಾಕೆ ಏನು ಅಂತ ಹೇಳಕ್ಕೆ ಹೋಗ್ಬೇಡ. ಸರ್ವೀಸ್ ಅನ್ನು ಸಾಕು.”

“ಮೋಲ್ಡರಿಗೆ, ಸರ್?”

“ಸರಿಯಾದ ಮೇಲೆ ಅವರಿಗೊಂದು ಹೊಸ ಫೋನು ಕೊಡಣ ಮಾರಾಯ್ತಿ. ಈಗಲೇ ಬಾಯಿ ಬಿಟ್ರೆ ಗೇಟಲ್ಲಿ ಎಲ್ರಿಗೂ ಗೊತ್ತಾಗುತ್ತೆ.”

ನಾನು ಎದುರಾಡಲಿಲ್ಲ. ಸರಿಮಾಡಿ ಕೈಗಿಟ್ಟು ಹೇಳಿದರೆ ಹೇಳುವುದು ಸುಲಭ ಎಂದು ನನಗೂ ಅನಿಸಿತು.

ಸರಿಮಾಡುವುದು ಸುಲಭವಾಗಲಿಲ್ಲ. ಮೊದಲು, ಕೀಬೋರ್ಡಿನ ಪ್ರೋಗ್ರಾಮನ್ನು ಹೊರಗೆ ತಳ್ಳದಂತೆ ಮೆಮೊರಿಯಲ್ಲಿ ಗಟ್ಟಿಯಾಗಿ ಕೂರಿಸಿದೆ. ಆಗ ಅದರ ಬದಲು ಕರೆ ಸ್ವೀಕರಿಸುವ ಪ್ರೋಗ್ರಾಂ ಹೊರಬಿತ್ತು, ಬಂದ ಕರೆಗೆ ಫೋನು ರಿಂಗಾಗದೆ ಕೂತಿತು. ಆಮೇಲೆ, ಒತ್ತಿದ್ದನ್ನೆಲ್ಲ ನಮ್ಮ ಚಿಪ್ಪಿನಲ್ಲೇ ಕೂಡಿಟ್ಟು, ಬೋರ್ಡು ಸಿದ್ಧವಾದ ಮೇಲೆ ಕೊಡುವಂತೆ ಮಾಡಿದೆ. ಅಕ್ಷರ ಕಳೆದುಹೋಗಲಿಲ್ಲ, ನಿಜ. ಆದರೆ ಅಷ್ಟರಲ್ಲಿ ಬರೆಯುವವರು ಬೇರೆ ಕಡೆ ಹೋಗಿದ್ದರೆ, ಕೂಡಿಟ್ಟದ್ದೆಲ್ಲ ಅಲ್ಲಿ ಹೋಗಿ ಸುರಿಯಿತು. ನನ್ನ ಗಂಡನಿಗೆ ಬರೆದ ವಾಕ್ಯದ ಬಾಲ ಹಾಲಿನವನಿಗೆ ಹೋಯಿತು. ಇದು ಮೊದಲಿನದಕ್ಕಿಂತ ಕೆಟ್ಟದ್ದು ಎಂದು ಅದನ್ನೂ ತೆಗೆದೆ.

ಕೊನೆಗೆ ಉಳಿದದ್ದು ಒಂದೇ ದಾರಿ. ಅದು ನನಗೆ ಮೊದಲಿಂದಲೂ ಗೊತ್ತಿತ್ತು, ಸುತ್ತಿ ಬಳಸಿ ಬಂದೆ ಅಷ್ಟೆ. ಬಜರನ್ನು ಚಿಪ್ಪಿನಿಂದ ಬಿಡಿಸಿ, ಅಕ್ಷರ ಪರದೆಯ ಮೇಲೆ ಕೂತ ಮೇಲಷ್ಟೇ ಸದ್ದು ಬರುವಂತೆ ಮಾಡುವುದು. ಅಕ್ಷರ ಬಾರದಿದ್ದರೆ ಸದ್ದೂ ಇಲ್ಲ. ಹಾಗೆ ಮಾಡಿದ ಮಾದರಿಯನ್ನು ಹಿಡಿದಾಗ ಫೋನು ಕೆಸರಿನಲ್ಲಿ ಕಾಲೆತ್ತಿ ಇಡುವಂತೆ ಅನಿಸಿತು. ಅದರ ನಿಜವಾದ ವೇಗವೇ ಅದು. ಮಾಲೀಕರು ಎರಡು ಪದ ಒತ್ತಿ ಮೇಜಿನ ಮೇಲಿಟ್ಟರು. “ಇದನ್ನ ಯಾರು ತಗೋತಾರೆ?” ಅಂದರು. ಬೈಯಲಿಲ್ಲ.

ಆ ಭಾನುವಾರ ನಾನು ರಾಗಿಗುಡ್ಡಕ್ಕೆ ಹೋದೆ. ಅಣ್ಣನಿಗೆ ವಿಷಯ ತಿಳಿಸಿ ತಮ್ಮನ ಮೇಲಿನ ಕೋಪ ಇಳಿಸಿದರೆ ಅರ್ಧ ಋಣ ತೀರಿತು ಎಂದು ನನ್ನ ಲೆಕ್ಕ. ಮಾಲೀಕರಿಗೆ ಹೇಳಲಿಲ್ಲ. ಮೋಲ್ಡರಿಗೂ ಹೇಳಲಿಲ್ಲ. ಹಳೆಯ ಸಾಫ್ಟ್‌ವೇರ್ ಹಾಗೇ ಇದ್ದ ಅವರ ಫೋನನ್ನು ಚೀಲದಲ್ಲಿಟ್ಟುಕೊಂಡೆ.

ಅಣ್ಣನ ಮನೆಯ ಜಗುಲಿಯಲ್ಲಿ ಅವರು, ಅವರ ಹೆಂಡತಿ, ಅಂದು ವ್ಯಾನಿನಲ್ಲಿ ಬಂದಿದ್ದ ಷಡ್ಡಕ ಇದ್ದರು. ನಾನು ಯಾರೆಂದು ಹೇಳಿದೆ. ತಪ್ಪು ನಿಮ್ಮ ತಮ್ಮನದಲ್ಲ, ನಮ್ಮ ಫೋನಿನದು, ನಿಮ್ಮೆದುರೇ ತೋರಿಸುತ್ತೇನೆ ಅಂದೆ. ಏಜೆಂಟರು ಕುರ್ಚಿ ಹತ್ತಿರ ಎಳೆದುಕೊಂಡರು.

ಫೋನ್ ಆಫ್ ಮಾಡಿ ಆನ್ ಮಾಡಿದೆ. ಒತ್ತಿದೆ. ಟಿಕ್, ಟಿಕ್, ಟಿಕ್. ‘ಅಮ್ಮ ಊರಿಗೆ ಹೋದರು.’ ಪೂರ್ತಿ ಬಂತು.

“ಒಂದು ನಿಮಿಷ,” ಅಂದು ಮತ್ತೆ ಮಾಡಿದೆ. ಮತ್ತೆ ಪೂರ್ತಿ ಬಂತು. ಎಷ್ಟೋ ಕಡೆ ಜನರ ಎದುರು ಯಂತ್ರ ಓಡಿಸಿ ತೋರಿಸಿದ್ದೇನೆ, ಕೈಕೊಡಬಾರದೆಂದು ದೇವರಿಗೆ ಬೇಡಿಕೊಂಡಿದ್ದೇನೆ. ಕೈಕೊಡಲಿ ಎಂದು ಬೇಡಿಕೊಂಡದ್ದು ಅಂದು ಮಾತ್ರ. ಆ ಜಗುಲಿಯಲ್ಲಿ ಸಿಗ್ನಲ್ ಕಡಿಮೆ ಇತ್ತು, ಮೆಸೇಜುಗಳು ಒಮ್ಮೆಗೇ ನುಗ್ಗುತ್ತಿರಲಿಲ್ಲ, ಅದಕ್ಕೇ ಫೋನಿಗೆ ಆಯಾಸವಾಗುತ್ತಿರಲಿಲ್ಲ ಎಂದು ಹೊಳೆದದ್ದು ಆಮೇಲೆ. ಆಗ ನಾನು ಬೆವರುತ್ತಾ, ಸತ್ತಿರದ ತಾಯಿಯ ಬಗ್ಗೆ ಆ ವಾಕ್ಯವನ್ನು ಅವರ ಮಗನ ಎದುರು ಮತ್ತೆ ಮತ್ತೆ ಒತ್ತುತ್ತಿದ್ದೆ.

“ಮಿಷನ್ನು ಸರಿಯಾಗೇ ಇದೆಯಲ್ಲ ಮೇಡಂ,” ಅಂದರು ಏಜೆಂಟರು.

“ಇಲ್ಲ ಸಾರ್, ಯಾವಾಗ್ಲೂ ಆಗಲ್ಲ, ಕೆಲವು ಸಲ…”

“ಅವತ್ತು ನಂಗೆ ಕಳಿಸುವಾಗ ಮಾತ್ರ ಆಯ್ತು. ಅಲ್ವಾ?” ಅವರು ದನಿ ಏರಿಸಲಿಲ್ಲ. “ಅವನೇ ಕಳಿಸಿದ್ನಾ ನಿಮ್ಮನ್ನ? ಹೇಳಿ. ಓದಿದೋರು ಬಂದು ಹೇಳಿದ್ರೆ ಅಣ್ಣ ನಂಬ್ತಾನೆ ಅಂತ ಕಳಿಸಿರ್ತಾನೆ.”

“ಅವರಿಗೆ ಗೊತ್ತೇ ಇಲ್ಲ ಸಾರ್, ನಾನು ಬಂದಿರೋದು.”

“ಹಂಗಾದ್ರೆ ಫೋನಿನ ತಪ್ಪು ಅಂತಾನಾದ್ರೂ ಗೊತ್ತಾ ಅವನಿಗೆ?”

ಗೊತ್ತಾದ ದಿನದಿಂದ ಮೋಲ್ಡರೊಬ್ಬರನ್ನು ಬಿಟ್ಟು ಉಳಿದೆಲ್ಲರ ಹತ್ತಿರ ಮಾತಾಡಿದ್ದೆ. ಮಾಲೀಕರ ಹತ್ತಿರ, ಗಂಡನ ಹತ್ತಿರ, ಈಗ ಇವರ ಹತ್ತಿರ. ಏಜೆಂಟರ ಹೆಂಡತಿ ನನಗೆ ನೀರು ತಂದುಕೊಟ್ಟರು. ಮೋಲ್ಡರಿಗೆ ಒಳ್ಳೆಯದು ಮಾಡಲು ಬಂದು, ಅವರು ಬೇಕಂತಲೇ ಬರೆದದ್ದೆಂದು ಮೂವರ ಎದುರು ಸಾಬೀತು ಮಾಡಿ ಎದ್ದು ಬಂದೆ.

ಸೋಮವಾರ ಬೆಳಿಗ್ಗೆ ನೇರ ಫೌಂಡ್ರಿಯ ಗೇಟಿಗೆ ಹೋದೆ. ಮೋಲ್ಡರ್ ಟೀ ಅಂಗಡಿಯ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಉಳಿದವರು ಆಚೆ ಗುಂಪಾಗಿ ನಿಂತಿದ್ದರು. ನಾನು ಪಕ್ಕದಲ್ಲಿ ಕೂತು, ಬಜರಿನಿಂದ ಹಿಡಿದು ಭಾನುವಾರದ ಜಗುಲಿಯವರೆಗೆ ಎಲ್ಲವನ್ನೂ ಹೇಳಿದೆ. ಅಣ್ಣನ ಮನೆಯಲ್ಲಿ ಆದದ್ದಕ್ಕೆ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅದನ್ನು ಅವರು ಕೇಳಿಸಿಕೊಂಡ ಹಾಗೇ ಇರಲಿಲ್ಲ.

“ಅಂದ್ರೆ ನಾನು ಬರ್ದಿದ್ದು ಸರಿ ಇತ್ತಾ ಮೇಡಂ?”

“ಸರಿ ಇತ್ತಣ್ಣಾ. ಒಂದು ಅಕ್ಷರಾನೂ ತಪ್ಪಿರಲಿಲ್ಲ.”

“ಊರಿಗೆ ಅನ್ನೋದು ಒತ್ತಿದ್ದೆ. ಒತ್ತಿದ್ದೆ ಅಂತ ನಂಗೆ ಚೆನ್ನಾಗಿ ನೆನಪಿತ್ತು. ದೀರ್ಘ ಹಾಕೋದು ಮರೀಬಾರ್ದು ಅಂತ ಅನ್ಕೊಂಡೇ ಒತ್ತಿದ್ದೆ. ಆಮೇಲೆ ಎಲ್ರೂ ಅಂದ್ರಲ್ಲ, ನೆನಪೂ ಸುಳ್ಳೇನೋ ಅನ್ನಿಸ್ತು.” ಅವರು ಟೀ ಲೋಟ ಕೆಳಗಿಟ್ಟು, ಗುಂಪಿನ ಕಡೆ ನೋಡಿದರು. “ಇದನ್ನ ಅವರಿಗೂ ಒಂಚೂರು ಹೇಳ್ತೀರಾ?”

ಯಾಕೆ ಏನು ಅಂತ ಹೇಳಬೇಡ ಎಂದ ಮಾಲೀಕರ ಮಾತು ನೆನಪಿತ್ತು. ಆದರೂ ಎದ್ದು ಹೋದೆ.

ಮುಂದೆ ಏನೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ದಾವಣಗೆರೆಯ ವ್ಯಾಪಾರಿ ಬಂದರು, ನಿಧಾನದ ಫೋನನ್ನು ನೋಡಿದರು, ಊಟ ಮಾಡಿ ಹೋದರು. ಮಾಲೀಕರು ನನ್ನೊಂದಿಗೆ ಕೆಲವು ದಿನ ಕೆಲಸದ ಮಾತಷ್ಟೇ ಆಡಿದರು. ಫೋನು ಮಾರುಕಟ್ಟೆಗೆ ಹೋಗಲೇ ಇಲ್ಲ. ಅಕ್ಷರ ಬಂದ ಮೇಲೆ ಸದ್ದು ಮಾಡುವ ಕೆಲವು ಫೋನುಗಳು ಫೌಂಡ್ರಿಯಲ್ಲಿ ಈಗಲೂ ಬಳಕೆಯಲ್ಲಿವೆ, ಒಂದು ಮೋಲ್ಡರ್ ಹತ್ತಿರವಿದೆ. ತಾಯಿ ಒಂದು ದಿನ ತಾವೇ ಬಸ್ ಹತ್ತಿ ರಾಗಿಗುಡ್ಡಕ್ಕೆ ಹೋಗಿ ಹದಿನೈದು ದಿನ ದೊಡ್ಡ ಮಗನ ಮನೆಯಲ್ಲಿ ಇದ್ದು ಬಂದರು. ಅವರನ್ನು ಕರೆದೊಯ್ಯಲು, ಬಿಡಲು ಅಣ್ಣ ತಮ್ಮ ಮಾತಾಡುತ್ತಾರೆ. ಅಣ್ಣ ನಮ್ಮ ಮಾತು ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಆದರೆ ಇವೆಲ್ಲಕ್ಕಿಂತ ನನ್ನನ್ನು ಬಿಡದೆ ಇರುವುದು ಆ ಬೆಳಗಿನ ಗೇಟು. ನಾನು ಗುಂಪಿನ ಎದುರು ನಿಂತು, ಮೋಲ್ಡರ್ ಸರಿಯಾಗಿಯೇ ಬರೆದಿದ್ದರು, ಪದ ನುಂಗಿದ್ದು ನಮ್ಮ ಫೋನು, ಟಿಕ್ ಸದ್ದನ್ನು ನಂಬಬೇಡಿ, ಅದನ್ನು ಹಾಗೆ ಕಟ್ಟಿದವಳು ನಾನೇ ಅಂದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಮೋಲ್ಡರನ್ನು ಆಡಿಕೊಂಡಿದ್ದವರು ನೆಲ ನೋಡಿದರು.

ಆಮೇಲೆ ಕುಲುಮೆಯ ಹತ್ತಿರ ಕೆಲಸ ಮಾಡುವ ಒಬ್ಬರು ಕೇಳಿದರು: “ಹಂಗಾದ್ರೆ ನಮ್ಮವೂ ಹೋಗಿರ್ಬೋದಾ ಮೇಡಂ? ನಾವು ಕಳಿಸಿದ್ದು?”

“ಹೋಗಿರ್ಬಹುದು,” ಅಂದೆ.

ಎಲ್ಲರೂ ಫೋನು ತೆಗೆದರು. ತಲೆ ತಗ್ಗಿಸಿ, ಗಟ್ಟಿ ಹೆಬ್ಬೆರಳಿನಲ್ಲಿ ಕೀ ಒತ್ತುತ್ತಾ ಹಿಂದಕ್ಕೆ ಹಿಂದಕ್ಕೆ ಹೋದರು, ತಾವು ಯಾರಿಗೆ ಏನು ಬರೆದಿದ್ದೆವೆಂದು. ಒಬ್ಬರು ತುಟಿಯಲ್ಲೇ ಓದಿಕೊಂಡು ನಕ್ಕರು. ಇನ್ನೊಬ್ಬರು ಗೆಳೆಯನ ಭುಜ ತಟ್ಟಿ ಏನನ್ನೋ ತೋರಿಸಿದರು. ಕುಲುಮೆಯವರು ಮಾತ್ರ ಒಂದು ಮೆಸೇಜಿನ ಹತ್ತಿರ ನಿಂತುಬಿಟ್ಟರು. ಪಾಳಿಯ ಸೈರನ್ ಕೂಗಿತು, ಉಳಿದವರು ಒಳಗೆ ಹೊರಟರು. ಅವರು ಹೋಗಲಿಲ್ಲ. ಫೋನನ್ನು ನನ್ನೆದುರು ಹಿಡಿದರು. ಹಾಸನಕ್ಕೆ ಕೊಟ್ಟ ಮಗಳಿಗೆ ಬರೆದದ್ದಂತೆ.

“ಇದ್ರಲ್ಲಿ ‘ಬಾ’ ಅಂತ ಒಂದು ಇರ್ಬೇಕಿತ್ತು,” ಅಂದರು. “ಅದಕ್ಕೇ ಅವಳು ಬರಲಿಲ್ಲ ಅನ್ಸುತ್ತೆ.”

ಅವರು ಕಾಂಪೌಂಡಿನ ಗೋಡೆಯ ಕಡೆ ನಡೆದು, ನಮಗೆ ಬೆನ್ನು ಮಾಡಿ ನಿಂತು, ಮಗಳಿಗೆ ಫೋನು ಹಚ್ಚಿದರು. ಅದು ರಿಂಗಾಗುತ್ತಲೇ ಇತ್ತು. ನಾನು ಬೆಂಚಿನ ಮೇಲೆ ಕೂತೆ. ಆ ಕಡೆಯಿಂದ ಯಾರಾದರೂ ಎತ್ತುವವರೆಗೆ ಅಲ್ಲಿಂದ ಏಳಲು ನನಗೆ ಆಗಲಿಲ್ಲ.